ಹೊರೆ ಹೊರಿಸಿದವರ ಋಣ

ಕುದುರೆ ಎಂದ ಕೂಡಲೇ ನಮಗೆ ನೆನಪಾಗುವುದು ಓಟ, ಗತ್ತು, ಮೈಸೂರಿನ ದಸರಾ ಮೆರವಣಿಗೆಯ ಅಶ್ವದಳ. ಓಡಲೆಂದೇ ಹುಟ್ಟಿದ ಪ್ರಾಣಿಗೆ ಓಡುವುದನ್ನು ಕಲಿಸಬೇಕು ಎಂದರೆ ಯಾರಿಗಾದರೂ ನಗು ಬಂದೀತು. ಆದರೆ ಕುದುರೆ ಪಳಗಿಸುವವರ ಅನುಭವವೇ ಬೇರೆ. ಬಯಲಿನಲ್ಲಿ ತನ್ನ ಪಾಡಿಗೆ ಚೆಂದವಾಗಿ ಓಡುತ್ತಿದ್ದ ಎಳೆಯ ಕುದುರೆ, ಬೆನ್ನ ಮೇಲೆ ಸವಾರ ಕುಳಿತ ಮೇಲೆ ಮುಗ್ಗರಿಸುತ್ತದೆ, ಒಂದು ಪಕ್ಕಕ್ಕೆ ವಾಲುತ್ತದೆ, ದಿಕ್ಕುಗೆಟ್ಟು ಧಾವಿಸುತ್ತದೆ. ಅದಕ್ಕೆ ಮತ್ತೆ ಹದವಾದ ಓಟ ಬರಬೇಕಾದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಕೆಲಸದ ಕ್ರಮವನ್ನು ತಿಳಿಯುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಬೇರೆಯೇ ಆಗಿತ್ತು. ಇನ್ನೊಬ್ಬರಿಗೆ ನೆರವಾಗುವುದು ಎಂದರೇನು? ಅದು ಎಲ್ಲಿಯವರೆಗೆ ನೆರವು, ಎಲ್ಲಿಂದಾಚೆಗೆ ಅಡ್ಡಿ?

ಕುದುರೆಯ ನಡೆಗಳಿಗೆ ಅಮರಕೋಶ ಐದು ಹೆಸರುಗಳನ್ನು ಕೊಡುತ್ತದೆ. ಇಂದಿನ ಸವಾರರು ವಾಕ್, ಟ್ರಾಟ್, ಕ್ಯಾಂಟರ್, ಗ್ಯಾಲಪ್ ಎನ್ನುತ್ತಾರೆ. ಕ್ಯಾಂಟರ್ ಎಂಬುದು ಕುಲುಕುತ್ತ ಸಾಗುವ ಟ್ರಾಟ್‌ಗೂ ನಾಗಾಲೋಟಕ್ಕೂ ನಡುವಿನ ಓಟ. ಅದಕ್ಕೆ ಮೂರು ಪೆಟ್ಟು. ಮೊದಲು ಒಂದು ಹಿಂಗಾಲು, ಆಮೇಲೆ ಇನ್ನೊಂದು ಹಿಂಗಾಲು ಮತ್ತು ಅದರ ಎದುರು ಮೂಲೆಯ ಮುಂಗಾಲು ಒಟ್ಟಿಗೆ, ಕೊನೆಗೆ ಉಳಿದ ಮುಂಗಾಲು. ಆಮೇಲೆ ಒಂದು ಕ್ಷಣ ನಾಲ್ಕು ಗೊರಸುಗಳೂ ನೆಲ ಬಿಟ್ಟಿರುತ್ತವೆ. ಸಂಗೀತ ಬಲ್ಲವರು ‘ತಕಿಟ’ ಎಂದು ಹೇಳಿ, ಒಂದಿಷ್ಟು ಬಿಡುವು ಕೊಟ್ಟು, ಮತ್ತೆ ‘ತಕಿಟ’ ಎಂದರೆ ಅದರ ಲಯ ಸಿಕ್ಕಿಬಿಡುತ್ತದೆ. ಸಮತೋಲ ತಪ್ಪಿದ ಕುದುರೆಯಲ್ಲಿ ಮೊದಲು ಕೆಡುವುದು ಈ ತಾಳವೇ.

ತಾಳ ಕೆಡುವುದಕ್ಕೆ ಕಾರಣವುಂಟು. ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಇರುತ್ತದೆ. ಸವಾರ ಕುಳಿತರೆ ಆ ಭಾರವೂ ಬಹುಪಾಲು ಮುಂದಕ್ಕೇ ಬೀಳುತ್ತದೆ. ಇಳಿಜಾರಿನಲ್ಲಿ ತುಂಬಿದ ಕೊಡ ಹೊತ್ತು ಇಳಿಯುವಾಗ ನಮ್ಮ ಕಾಲು ತಾನಾಗಿ ಬೇಗ ಬೇಗ ಬೀಳುವುದಿಲ್ಲವೆ? ಕುದುರೆಯದೂ ಅದೇ ಪಾಡು. ಬೀಳದಿರುವುದಕ್ಕಾಗಿ ಅದು ಓಡುತ್ತದೆ. ಓಡಿದಷ್ಟೂ ಬೀಳುವ ಭಯ ಹೆಚ್ಚುತ್ತದೆ.

ಮೇಲೆ ಕುಳಿತವನಿಗೆ ಮಾತ್ರ ಅದು ಹಟಮಾರಿತನವಾಗಿ ಕಾಣುತ್ತದೆ. ಕಠೋಪನಿಷತ್ತಿನಲ್ಲಿ ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಆ ಹೋಲಿಕೆ ನಮ್ಮ ಮನಸ್ಸಿನಲ್ಲಿ ಎಷ್ಟು ಊರಿದೆಯೆಂದರೆ, ಕುದುರೆ ಎಂದರೆ ಬಿಗಿಹಿಡಿಯಬೇಕಾದದ್ದು ಎಂದೇ ನಮ್ಮ ಎಣಿಕೆ. ಆದರೆ ಅಂಕೆ ತಪ್ಪುವುದು ಬೇರೆ, ಸಮತೋಲ ತಪ್ಪುವುದು ಬೇರೆ. ತರಗತಿಯಲ್ಲಿ ಗಡಿಬಿಡಿಯಿಂದ ಅಕ್ಷರ ನುಂಗಿ ಓದುವ ಹುಡುಗನನ್ನು ನೋಡಿ. ‘ನಿಧಾನವಾಗಿ ಓದೋ’ ಎಂದು ಗದರಿಸಿದರೆ ಅವನು ಇನ್ನೂ ಬೇಗ ಓದುತ್ತಾನೆ. ಅವನದು ಉದ್ಧಟತನವಲ್ಲ. ನಡುವೆ ಎಲ್ಲಿ ಸಿಕ್ಕಿಹಾಕಿಕೊಂಡೇನೋ ಎಂಬ ಹೆದರಿಕೆ.

ಧಾವಿಸುವ ಕುದುರೆಯ ಲಗಾಮನ್ನು ಸವಾರ ಜಗ್ಗಿ ಹಿಡಿದನೆಂದುಕೊಳ್ಳಿ. ಕುದುರೆ ಜಾಣ ಪ್ರಾಣಿ. ತನ್ನ ತಲೆಯ ಭಾರವನ್ನು ಅವನ ಕೈಗೇ ಒಪ್ಪಿಸಿಬಿಡುತ್ತದೆ. ಸವಾರನ ಕೈ ಕುದುರೆಗೆ ಐದನೆಯ ಕಾಲಾಯಿತು ಎಂದು ಬಲ್ಲವರು ಇದನ್ನೇ ಹೇಳುತ್ತಾರೆ. ಹೊರಗಿನಿಂದ ನೋಡಿದರೆ ಓಟ ಸರಿಹೋದಂತೆ ಕಂಡೀತು. ನಿಜದಲ್ಲಿ ಕುದುರೆ ಏನನ್ನೂ ಕಲಿತಿರುವುದಿಲ್ಲ. ‘ನಾನಿಲ್ಲದಿದ್ದರೆ ನಮ್ಮ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ’ ಎಂದು ನಾವು ಹೆಂಗಸರು ಹೇಳಿಕೊಳ್ಳುವುದುಂಟು. ಆ ಮಾತಿನಲ್ಲಿ ದಣಿವು ಎಷ್ಟಿದೆಯೋ ಹೆಮ್ಮೆಯೂ ಅಷ್ಟೇ ಇದೆ. ಬೇಕಾದವರಾಗಿ ಉಳಿಯುವ ಆಸೆ ಬಹಳ ಸಿಹಿಯಾದದ್ದು. ಅದು ನೆರವಿನ ವೇಷದಲ್ಲಿ ಬರುವುದರಿಂದ ಗುರುತು ಹತ್ತುವುದೂ ಕಷ್ಟ.

ಹಾಗೆಂದು ಲಗಾಮನ್ನು ತಟ್ಟನೆ ಬಿಟ್ಟುಬಿಟ್ಟರೆ ಆಗುತ್ತದೆಯೆ? ಅಷ್ಟು ದಿನ ಆ ಕೈಗೆ ಒರಗಿದ್ದ ಕುದುರೆ ಮುಗ್ಗರಿಸುತ್ತದೆ. ‘ಇನ್ನು ನಿನ್ನ ಪಾಡು ನಿನಗೆ’ ಎಂದು ಸಿಟ್ಟಿನಲ್ಲಿ ಕೈಬಿಡುವುದನ್ನು ಕಲಿಸುವುದು ಎನ್ನಲಾಗದು.

ಬಲ್ಲವರ ದಾರಿ ಈ ಎರಡೂ ಅಲ್ಲ. ಮೊದಲು ಅವರು ಕುದುರೆಗೆ ನೋವಿದೆಯೇ ಎಂದು ನೋಡುತ್ತಾರೆ: ಗೊರಸು, ಹಲ್ಲು, ಬೆನ್ನು, ಜೀನು ಒತ್ತುವ ಜಾಗ. ನೋವಿಗೆ ಮದ್ದು ಬೇಕೇ ಹೊರತು ಪಾಠವಲ್ಲ. ಆಮೇಲೆ ಸವಾರನಿಲ್ಲದೆ, ಉದ್ದನೆಯ ಹಗ್ಗ ಹಿಡಿದು ದೊಡ್ಡ ವರ್ತುಲದಲ್ಲಿ ಓಡಿಸುತ್ತಾರೆ. ಸವಾರ ಹತ್ತಿದ ಮೇಲೂ ವರ್ತುಲಕ್ಕೆ 20 ಮೀಟರ್ ಅಗಲವಾದರೂ ಇರಬೇಕು. ಚಿಕ್ಕದಾದರೆ ಎಳೆಯ ಕುದುರೆಗೆ ತಿರುವು ತಾಳಿಕೊಳ್ಳಲಾಗದು. ಟ್ರಾಟ್‌ನಿಂದ ಕ್ಯಾಂಟರ್‌ಗೆ ಏರಿಸಿ, ನಾಲ್ಕಾರು ಹೆಜ್ಜೆ ಓಡಿಸಿ, ತಾಳ ಕೆಡುವ ಮುನ್ನವೇ ತಾವಾಗಿ ಟ್ರಾಟ್‌ಗೆ ಇಳಿಸುತ್ತಾರೆ, ಕುತ್ತಿಗೆ ಸವರುತ್ತಾರೆ. ಮತ್ತೆ ನಾಲ್ಕಾರು ಹೆಜ್ಜೆ. ಕುದುರೆಗೆ ಸೋತ ನೆನಪು ಉಳಿಯಬಾರದು, ಗೆದ್ದ ನೆನಪು ಉಳಿಯಬೇಕು. ನಮಗೆ ಎಡಗೈ ಬಲಗೈ ಇದ್ದಂತೆ ಅದಕ್ಕೂ ಒಂದು ಪಕ್ಕ ಸಲೀಸು, ಒಂದು ಪಕ್ಕ ಬಿಗಿ. ಆದ್ದರಿಂದ ಎರಡೂ ಕಡೆಗೆ ಅಭ್ಯಾಸ. ಲಗಾಮು ಒಂದು ಕ್ಷಣ ಬಿಗಿಯುತ್ತದೆ, ಮರುಕ್ಷಣ ಸಡಿಲುತ್ತದೆ. ದಿನ ಕಳೆದಂತೆ ಕುದುರೆ ಹಿಂಗಾಲುಗಳನ್ನು ಹೊಟ್ಟೆಯಡಿಗೆ ತಂದು ಭಾರವನ್ನು ಹಿಂದಕ್ಕೆ ಹೊರಲು ಕಲಿಯುತ್ತದೆ. ಸಮತೋಲವನ್ನು ಯಾರೂ ಕೊಡಲಾರರು, ಅದನ್ನು ಕಂಡುಕೊಳ್ಳಲು ಜಾಗ ಕೊಡಬಹುದು ಅಷ್ಟೆ.

ಕಲಿಸುವವರಿಗೂ ಇಲ್ಲೊಂದು ಪಾಠವಿದೆ. ಸವಾರ ಅತ್ತಿತ್ತ ವಾಲಿದರೆ ಕುದುರೆಯೂ ವಾಲುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೂರಲಾರದವನು ಕುದುರೆ ಡೊಂಕು ಎನ್ನುತ್ತಾನೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 16ನೇ ಶತಮಾನದಷ್ಟು ಹಳೆಯದಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಇದೆ. ಅಲ್ಲಿ ಹೊಸ ಶಿಷ್ಯರ ಕೈಗೆ ಮೊದಲು ಲಗಾಮನ್ನೇ ಕೊಡುವುದಿಲ್ಲ, ಕಾಲಿಗೆ ರಿಕಾಬೂ ಇರುವುದಿಲ್ಲ. ಗುರು ಹಗ್ಗ ಹಿಡಿದು ಕುದುರೆಯನ್ನು ಸುತ್ತಿಸುತ್ತಿದ್ದರೆ, ಶಿಷ್ಯರು ತಿಂಗಳುಗಟ್ಟಲೆ ನೆಟ್ಟಗೆ ಕುಳಿತುಕೊಳ್ಳುವುದನ್ನಷ್ಟೇ ಕಲಿಯಬೇಕು. ಶತಮಾನಗಳ ಕಾಲ ಗಂಡಸರಿಗೇ ಮೀಸಲಾಗಿದ್ದ ಆ ಶಾಲೆಗೆ 2008ರಲ್ಲಿ ಮೊದಲ ಬಾರಿಗೆ ಇಬ್ಬರು ಹೆಣ್ಣುಮಕ್ಕಳು ಶಿಷ್ಯೆಯರಾಗಿ ಸೇರಿದರು.

ಇಷ್ಟೆಲ್ಲ ಶ್ರಮ ಪಡುವ ಸವಾರನನ್ನು ನಾವು ದಯಾಳು ಎನ್ನಬಹುದೆ? ನನಗೆ ಹಾಗನ್ನಿಸುವುದಿಲ್ಲ. ಬಯಲಿನಲ್ಲಿ ಆ ಕುದುರೆ ಓಡಿಕೊಂಡೇ ಇತ್ತಲ್ಲ! ಅದರ ಸಮತೋಲ ತಪ್ಪಿದ್ದು ನಾವು ಹತ್ತಿ ಕುಳಿತ ಮೇಲೆ. ತವರಿನಲ್ಲಿ ಲವಲವಿಕೆಯಿಂದಿದ್ದ ಹುಡುಗಿ ಗಂಡನ ಮನೆಗೆ ಬಂದ ಹೊಸದರಲ್ಲಿ ತಡವರಿಸಿದರೆ ‘ಇವಳಿಗೆ ಏನೂ ಬಾರದು’ ಎಂದುಬಿಡುತ್ತೇವೆ. ಅವಳ ಹೆಗಲ ಮೇಲೆ ಒಂದೇ ದಿನದಲ್ಲಿ ಎಷ್ಟು ಹೊರೆ ಬಿತ್ತು ಎಂದು ಲೆಕ್ಕ ಹಾಕುವುದಿಲ್ಲ. ಹೊರೆ ಹೊರಿಸಿದವರು ಮಾಡುವ ನೆರವು ಉಪಕಾರವಲ್ಲ, ಋಣಸಂದಾಯ. ಉಪಕಾರ ಎಂದುಕೊಂಡರೆ ಕೃತಜ್ಞತೆ ಬಯಸುತ್ತೇವೆ, ತಡವಾದರೆ ಸಿಡಿಮಿಡಿಗೊಳ್ಳುತ್ತೇವೆ. ಋಣ ಎಂದು ತಿಳಿದರೆ ತಾಳ್ಮೆ ತಾನಾಗಿ ಬರುತ್ತದೆ.

ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಸಿನ ಕ್ಸೆನೊಫೊನ್ ಅಶ್ವವಿದ್ಯೆಯ ಪುಸ್ತಕವೊಂದನ್ನು ಬರೆದ. ಸಿಟ್ಟಿನಿಂದ ಕುದುರೆಯ ಬಳಿ ಹೋಗಬಾರದು, ಬಲವಂತದಿಂದ ಮಾಡಿಸಿದ್ದರಲ್ಲಿ ಅರಿವೂ ಇಲ್ಲ, ಚೆಲುವೂ ಇಲ್ಲ ಎಂಬುದು ಅದರ ಸಾರ. ಇಂದಿಗೂ ಸವಾರರಲ್ಲಿ ಒಂದು ಪರೀಕ್ಷೆ ಉಂಟು. ಓಟದ ನಡುವೆ ಎರಡು ಮೂರು ಹೆಜ್ಜೆಗಳ ಮಟ್ಟಿಗೆ ಕೈಯನ್ನು ಮುಂದೆ ಚಾಚಿ ಲಗಾಮನ್ನು ಸಡಿಲ ಬಿಡುತ್ತಾರೆ. ಆಗಲೂ ‘ತಕಿಟ’ ತಪ್ಪದಿದ್ದರೆ ಕುದುರೆ ತನ್ನನ್ನು ತಾನು ಹೊರುತ್ತಿದೆ ಎಂದರ್ಥ. ನಾವು ಕೊಟ್ಟ ನೆರವು ನೆರವಾಗಿತ್ತೇ ಇಲ್ಲವೇ ಎಂಬುದು ಕೂಡ, ಕೈ ಸಡಿಲಿಸಿದ ಆ ಎರಡು ಮೂರು ಹೆಜ್ಜೆಗಳಲ್ಲಿಯೇ ತಿಳಿಯುತ್ತದೆ.