ಹಸಿವಿನ ರಸಾಯನ, ವ್ರತದ ಸಂಕಲ್ಪ

ಅಷ್ಟಮಿಯಂದು ಪ್ರೋಷಧೋಪವಾಸ ಕೈಗೊಂಡ ಶ್ರಾವಕನೂ, ಅಂದೇ ಅನ್ನ ದೊರೆಯದೆ ಬರಿಹೊಟ್ಟೆಯಲ್ಲಿ ಮಲಗಿದ ಕೂಲಿಕಾರನೂ ದೇಹದೃಷ್ಟಿಯಿಂದ ಭಿನ್ನರಲ್ಲ. ಉಂಡ ದೇಹದ ಯಕೃತ್ತಿನಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟಸದೃಶ ವಸ್ತು ಸುಮಾರು 100 ಗ್ರಾಂನಷ್ಟು ಸಂಚಿತವಾಗಿರುತ್ತದೆ. ಅದು ಸಕ್ಕರೆಯಾಗಿ ರಕ್ತವನ್ನು ಸೇರುತ್ತ ಸುಮಾರು ಒಂದು ಅಹೋರಾತ್ರಿಯಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ. ಉಪವಾಸ ಮುಂದುವರಿದಲ್ಲಿ ಕೊಬ್ಬಿನಿಂದ ಉಂಟಾದ ಕೀಟೋನುಗಳು ಮಿದುಳನ್ನು ಪೋಷಿಸುತ್ತವೆ. ಸ್ನಾಯುಗಳ ಪ್ರೋಟೀನೂ ಕೆಲಮಟ್ಟಿಗೆ ವ್ಯಯವಾಗುತ್ತದೆ. ಪಿಷ್ಟವಾಗಲಿ ಕೊಬ್ಬಾಗಲಿ, 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ನಿರೂಪಿಸಿದ ಒಂದೇ ಚಕ್ರವನ್ನು ಹಾದು ಕಡೆಗೆ ಇಂಗಾಲದ ಡೈಆಕ್ಸೈಡೂ ನೀರೂ ಆಗುತ್ತವೆ. ಇದೆಲ್ಲವೂ ಪುದ್ಗಲದ ವ್ಯಾಪಾರ. ಅದಕ್ಕೆ ವ್ರತದ ಅರಿವಿಲ್ಲ.

ಹಾಗಾದರೆ ತಪಸ್ಸು ಎಲ್ಲಿದೆ? ಅನ್ನವಿದ್ದೂ ತ್ಯಜಿಸುವ ಸಂಕಲ್ಪದಲ್ಲಿ, ಕಷಾಯಗಳ ಉಪಶಮನದಲ್ಲಿ. ಪರವಶನಾಗಿ ಸಹಿಸಿದ ಹಸಿವಿಗೆ ಶಾಸ್ತ್ರವು ಅಕಾಮನಿರ್ಜರೆಯೆಂಬ ಬೇರೆಯ ಹೆಸರನ್ನೇ ಕೊಟ್ಟಿದೆ. ಆದುದರಿಂದ ಕೃಶವಾದ ದೇಹವನ್ನು ಕಂಡು ಗರ್ವಪಡಲು ಕಾರಣವಿಲ್ಲ. ಅಂತಹ ದೇಹ ಆ ಕೂಲಿಕಾರನಿಗೂ ಉಂಟು.

ಉಪವಾಸಿಯು ತನ್ನ ಒಡಲಲ್ಲಿ ಅರಿಯುವುದು ಅನ್ಯಜೀವಿಯ ಹಸಿವನ್ನೇ. ಪಾರಣೆಯ ತುತ್ತಿಗೆ ಮುನ್ನ ಹಸಿದವನಿಗೆ ದಯಾದತ್ತಿಯಾಗಿ ಆಹಾರವನ್ನೀಯಲು ಮರೆತರೆ, ಕರಗಿದುದು ಕೊಬ್ಬು ಮಾತ್ರವೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.