ವಾಯಿದೆಯ ಋಣ

ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ 'ಸತ್ತವನ ಹೆಸರಲ್ಲಿ ದುಡ್ಡು' ಎಂದು ಆಡಿಕೊಳ್ಳುವವರು ನಮ್ಮಲ್ಲೇ ಇದ್ದಾರೆ. ಅವಳು ಕೇಳುತ್ತಿರುವುದು ದಾನವಲ್ಲ, ತನಗೆ ಸಲ್ಲಬೇಕಾದ ಋಣ. ಅದನ್ನು ವರ್ಷಗಟ್ಟಲೆ ಎಳೆಯುವವರನ್ನು ಏನೆನ್ನೋಣ?

ಎಲ್ಲ ವಿಳಂಬವೂ ತಪ್ಪಲ್ಲ. ಗಾಯಾಳುವಿನ ಮೂಳೆ ಕೂಡುವ ತನಕ ಶಾಶ್ವತ ಅಂಗವೈಕಲ್ಯ ಎಷ್ಟೆಂದು ವೈದ್ಯರೂ ಹೇಳಲಾರರು. ವಿಮಾ ಅಧಿಕಾರಿ 30 ದಿನಗಳೊಳಗೆ ರಾಜಿಗೆ ಮೊತ್ತ ಮುಂದಿಡಲು 2019ರ ತಿದ್ದುಪಡಿ ದಾರಿ ಮಾಡಿದೆ. ಆದರೆ ಹಸಿದ ಮನೆ ಎಷ್ಟು ಕಡಿಮೆಗಾದರೂ ಒಪ್ಪೀತು. ಅದನ್ನು ಸಮ್ಮತಿ ಎನ್ನಲು ನನಗೆ ಮನಸ್ಸಿಲ್ಲ.

ಪರರಿಗೆ ಸಲ್ಲಬೇಕಾದುದನ್ನು ಕೂಡಲೇ ಸಲ್ಲಿಸಬೇಕು, ಆಗದಿದ್ದರೆ ಅದರ ಹಕ್ಕುದಾರನಿಂದಲೇ ಕಾಲಾವಕಾಶ ಬೇಡಬೇಕು ಎಂಬುದು 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರ ವಾದ. ನಮ್ಮಲ್ಲಿ ವಾಯಿದೆ ಕೇಳುವುದು ನ್ಯಾಯಾಧೀಶರನ್ನು. ಹೊರಗೆ ಬೆಂಚಿನ ಮೇಲೆ ಕುಳಿತ ವಿಧವೆಯನ್ನು ಯಾರು ಕೇಳಿದರು? ತಪ್ಪು ತನ್ನದೆಂದು ಒಳಗೊಳಗೇ ಬಲ್ಲ ವಾಹನದ ಮಾಲೀಕನೂ 'ವಿಮೆ ಇದೆಯಲ್ಲ' ಎಂದು ಸಮನ್ಸ್ ತಪ್ಪಿಸಿಕೊಳ್ಳುತ್ತಾನೆ. ಭಾನುವಾರ ಪೂಜೆಗೆ ಮಾತ್ರ ತಪ್ಪದೆ ಬರುತ್ತಾನೆ.

ತೀರ್ಪಿನಲ್ಲಿ ಬಡ್ಡಿ ಸೇರಬಹುದು, ನಿಜ. ಅಷ್ಟರಲ್ಲಿ ಫೀಸು ಕಟ್ಟಲಾಗದೆ ಶಾಲೆ ಬಿಟ್ಟ ಮಗ ಗಾರೆ ಕೆಲಸಕ್ಕೆ ಸೇರಿರುತ್ತಾನೆ.