ಮಗುವಿನ ಬಾಯಲ್ಲಿ ಸಿಕ್ಕ ಕಲ್ಲು

*ಇಂದಿನ ಧಮ್ಮ ಚಿಂತನೆ*



ಕಳೆದ ತಿಂಗಳು ಒಂದು ಸಂಜೆ ಧಾರೇಶ್ವರದ ಕಡಲ ದಂಡೆಯಲ್ಲಿ ಕುಳಿತಿದ್ದೆವು. ಆರು ವರ್ಷದ ಮಗಳು ಮರಳಿನಲ್ಲಿ ಗುಂಡಿ ತೋಡುತ್ತಾ, ತಲೆ ಎತ್ತದೆ ಕೇಳಿದಳು: "ಅಪ್ಪಾ, ನಾನು ಸತ್ತುಹೋಗಿ ಬೇರೆ ಮನೆಯಲ್ಲಿ ಹುಟ್ಟಿ ಬರಲಾ?"

ಎದೆ ಧಸಕ್ಕೆಂದಿತು. "ಇನ್ನೊಮ್ಮೆ ಹಾಗೆ ಹೇಳಿದರೆ ನೋಡು!" ಎಂಬ ಗದರಿಕೆ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಸಿಟ್ಟು, ಒಳಗೆ ಬರೀ ಭಯ. ಸುಮ್ಮನೆ ಮೂರು ಉಸಿರು ಗಮನಿಸಿದೆ. ಆಗ ಅಭಯರಾಜಕುಮಾರ ಸುತ್ತ ನೆನಪಾಯಿತು.

ಮಜ್ಝಿಮ ನಿಕಾಯದ ಈ 58ನೇ ಸುತ್ತದಲ್ಲಿ ಅಭಯ ರಾಜಕುಮಾರನ ತೊಡೆಯ ಮೇಲೆ ಹಸುಗೂಸು ಮಲಗಿದೆ. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆ ಎಂದು ಭಗವಾನರು ಕೇಳುತ್ತಾರೆ. ಎಡಗೈಯಿಂದ ತಲೆ ಹಿಡಿದು, ಬಲಗೈ ಬೆರಳು ಬಾಗಿಸಿ, ರಕ್ತ ಬಂದರೂ ಸರಿ, ತೆಗೆಯುವೆ. ಮಗುವಿನ ಮೇಲೆ ನನಗೆ ಕರುಣೆಯಿದೆ ಎನ್ನುತ್ತಾನೆ ಅಭಯ.

ಮೊದಲು ತಲೆ ಹಿಡಿಯುವುದು, ಆಮೇಲೆ ಕಲ್ಲು ತೆಗೆಯುವುದು. ಬಾಯಿಗೆ ಹೊಡೆದರೆ ಕಲ್ಲು ಗಂಟಲಿಗೆ ಇಳಿಯುತ್ತದೆ.

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. "ಎಂತ ಆಯ್ತು ಮಗಾ? ಹೇಳು, ನಾನು ಬೈಯೂದಿಲ್ಲ." ಬಹಳ ಹೊತ್ತಿನ ಮೇಲೆ ಹೇಳಿದಳು. ಬಾಯಾರಿಕೆಯಾಗಿ ಗೆಳೆಯನ ಬಾಟಲಿ ಕೇಳಿದ್ದಳಂತೆ. "ನೀನು ಮುಟ್ಟಿದರೆ ಅಜ್ಜಿ ಬೈತಾರೆ" ಎಂದನಂತೆ. ಬೇರೆ ಮನೆಯಲ್ಲಿ ಹುಟ್ಟಿದ್ದರೆ ನೀರು ಸಿಗುತ್ತಿತ್ತು, ಅದು ಅವಳ ಲೆಕ್ಕ.

ಬಾಬಾಸಾಹೇಬರ ಕಥೆ ಹೇಳಿದೆ. ಶಾಲೆಯಲ್ಲಿ ಜವಾನ ನಲ್ಲಿ ತಿರುಗಿಸಿದರೆ ಮಾತ್ರ ಅವರಿಗೆ ನೀರು. 1901ರಲ್ಲಿ ತಂದೆಯನ್ನು ಕಾಣಲು ಹೊರಟಾಗ, ಬುತ್ತಿಯಿದ್ದರೂ ನೀರು ಸಿಗದೆ ಮಕ್ಕಳೆಲ್ಲ ಹಸಿದೇ ಮಲಗಿದರು. ಅದೇ ಭೀಮರಾವ್ 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ಮಹಾಡದ ಕೆರೆಗೆ ನಡೆದು ನೀರು ಕುಡಿದರು. "ಅವರು ಬೇರೆ ಮನೆಯಲ್ಲಿ ಹುಟ್ಟಿ ಬರಲಿಲ್ಲ ಮಗಾ. ನಮ್ಮ ಮನೆಯವರಾಗಿಯೇ ಕುಡಿದರು."

"ಹಾಗಾದ್ರೆ ಅವನು ಕೆಟ್ಟವನಾ?"

"ಅಲ್ಲ. ಅವನ ಬಾಯಲ್ಲೂ ಯಾರೋ ದೊಡ್ಡವರು ಕಲ್ಲು ಹಾಕಿದ್ದಾರೆ."

ಮರುದಿನ ಶಾಲೆಗೆ ಹೋಗಿ ಅಕ್ಕೋರ ಹತ್ತಿರ ಎಲ್ಲವನ್ನೂ ಮೆತ್ತಗೆ, ಆದರೆ ಬಿಡದೆ ಹೇಳಿದೆ. ಶಾಂತಿ ಎಂದರೆ ಅನ್ಯಾಯಕ್ಕೆ ಬಾಯಿ ಮುಚ್ಚಿಕೊಳ್ಳುವುದಲ್ಲ.

ಬಂಧುಗಳೇ, ಮಗು ಸಾವಿನ ಮಾತಾಡಿದರೆ ನಗಬೇಡಿ, ಗದರಬೇಡಿ, ಕೇಳಿ. ಆ ಮಾತು ಮರುಕಳಿಸಿದರೆ, ಊಟ ನಿದ್ದೆ ಬಿಟ್ಟರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

*ಇಂದಿನ ಅಭ್ಯಾಸ:* ಮಗುವಿನ ಮಾತು ಎದೆಗೆ ಚುಚ್ಚಿದಾಗ ಮೂರು ಉಸಿರು. ನಂತರ ಒಂದೇ ಪ್ರಶ್ನೆ: "ಎಂತ ಆಯ್ತು ಮಗಾ?"

ಭವತು ಸಬ್ಬ ಮಂಗಲಂ. ಜೈ ಭೀಮ್ 🙏